ಎರೆ ಮಣ್ಣಿನ ಟ್ರ್ಯಾಕಿಗೆ ಆರ್‌ಸಿ (ರಿಮೋಟಿನ) ಆಟದ ಟ್ರಕ್: ಮೋಟಾರ್ ಸುಡ್ಲಿಕತ್ತದ

ಪ್ರಶ್ನೆ
ನಮಸ್ಕಾರ್ರೀ. ಬರೋ ಐತವಾರ ಕಲಬುರಗಿದಾಗ ನಮ್ಮ ಹುಡುಗರ ಕ್ಲಬ್ ರೇಸ್ ಅದ. ನಂದು 1/10 ಸ್ಕೇಲಿನ (ಖರೇ ಗಾಡಿಯ ಹತ್ತನೇ ಒಂದರಷ್ಟು) ಶಾರ್ಟ್ ಕೋರ್ಸ್ ಅನ್ನೋ ಮಣ್ಣಿನ ರೇಸಿನ ಟ್ರಕ್, ಎರಡು ಸೆಲ್ಲಿನ (2ಎಸ್) ಲಿಪೊ ಬ್ಯಾಟರಿ. ತೊಗರಿ ಹೊಲದ ಬಾಜೂಕ ಎರೆ ಮಣ್ಣಿನ ಟ್ರ್ಯಾಕ್. ನಿನ್ನೆ ಐದು ನಿಮಿಷ ಓಡ್ಸೋದ್ರಾಗ ಮೋಟಾರ್ ಮ್ಯಾಲ ಬೆರಳು ಇಡ್ಲಿಕ್ಕೆ ಆಗ್ಲಿಲ್ಲ. ಸ್ಪೀಡ್ ಬರ್ಲಿ ಅಂತ ಎರಡು ಹಲ್ಲು ಜಾಸ್ತಿ ಇರೋ ಪಿನಿಯನ್ (ಮೋಟಾರಿಗೆ ಕೂಡಿಸೋ ಸಣ್ಣ ಗೇರ್) ಹಾಕಿದ್ದೆ. ಜಿಗಿದು ಬಿದ್ದಾಗ ಚಾಸಿ ನೆಲಕ್ಕ ಬಡೀತದ. ಏನು ಮಾಡ್ಲಿ?

ಉತ್ತರ
ತಮ್ಮಾ, ಮೊದಲು ಆ ಪಿನಿಯನ್ ತಗಿ. ಹಲ್ಲು ಹೆಚ್ಚಾದಷ್ಟು ಮೋಟಾರಿಗೆ ಭಾರ, ಕರೆಂಟ್ ಜಾಸ್ತಿ ಎಳೀತದ, ಕಾಯ್ತದ. ನಮ್ಮ ಬಿಸಲಾಗಂತೂ ಕೇಳಬ್ಯಾಡ. ನಾ ಓಟ ಮುಗಿದ ಕೂಡಲೇ ಟೆಂಪರೇಚರ್ ಗನ್ ಹಿಡೀತೀನಿ. 80 ಡಿಗ್ರಿ ಸಮೀಪ ಬಂತಂದ್ರ ಒಂದು ಹಲ್ಲು ಇಳಿಸ್ತೀನಿ. ಪಿನಿಯನ್ ಕೂಡಿಸುವಾಗ ಅದಕ್ಕೂ ಅದು ತಿರುಗಿಸೋ ದೊಡ್ಡ ಸ್ಪರ್ ಗೇರಿಗೂ ನಡುವೆ ನೋಟ್‌ಬುಕ್ಕಿನ ಹಾಳಿ ಚೂರು ಸಿಗಿಸಿ, ಮೋಟಾರ್ ಒತ್ತಿಹಿಡಿದು ಸ್ಕ್ರೂ ಬಿಗಿ ಮಾಡು. ಹಾಳಿ ಹರೀದೆ ಮಡಿಕಿ ಮಡಿಕಿಯಾಗಿ ಹೊರಗ ಬಂದ್ರ ಸರಿ ಕೂತದ.

ಉತ್ತರ
ಚಾಸಿ ಬಡಿಯೋದಕ್ಕ ಹೇಳ್ತೀನಿ, ಬಿಸಲಿಗೆ ಶಾಕ್ ಅಬ್ಸಾರ್ಬರಿನ ಎಣ್ಣಿ ತೆಳ್ಳಗಾಗ್ತದ್ರಿ. ಈಗಿನದಕ್ಕಿಂತ ಒಂದು ನಂಬರ್ ದಪ್ಪಂದು ಹಾಕಿ ನೋಡ್ರಿ. ಮತ್ತ ಎರೆ ಧೂಳು ಹಿಟ್ಟಿನಂಗ, ಬೇರಿಂಗಿನಾಗ ಹೋಗಿ ಕೂಡ್ತದ. ಚಕ್ರ ಕೈಲೆ ತಿರುಗಿಸಿ ಕಿವಿ ಹತ್ರ ಹಿಡೀರಿ, ಕರ್ ಅಂದ್ರ ಬದಲಿ ಮಾಡ್ರಿ. ರೇಸ್ ಆದ ಮ್ಯಾಲ ಬ್ಯಾಟರಿ ಸೆಲ್ಲಿಗೆ 3.8 ವೋಲ್ಟಿಗೆ ತಂದು ಇಡ್ರಿ. ತುಂಬಿದ ಲಿಪೊ ಬಿಸಲಾಗ ಕಾರಿನಾಗ ಬಿಟ್ಟಿದ್ದೆ, ಉಬ್ಬಿ ಹೋತು.

ಪ್ರಶ್ನೆ ಕೇಳಿದವ
ಹಳೇ ಪಿನಿಯನ್ ಹಾಕ್ದೆ ಅಣ್ಣಾ. ಇವತ್ತು ಸಂಜೀಕ 64 ಡಿಗ್ರಿ! ಶಾಕ್ ಬಿಚ್ಚೀನಿ, ಎಣ್ಣಿ ಕರ್ರಗ ಆಗಿತ್ತು. ಐತವಾರ ಏನಾತು ಅಂತ ಬರೀತೀನಿ.