ಪದಚರ್ಚೆ: ಎಲ್ಇಡಿ ಬೋರ್ಡು ಉರಿಯುತ್ತದೆಯೋ, ಬೆಳಗುತ್ತದೆಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆಂದು ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಮ್ಯಾಚ್ ನೋಡುವಾಗ ಎತ್ತಿ ಹಿಡಿಯುವ ಲೈಟಿನ ಬೋರ್ಡನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ ಎಂಬುದು ವಿಷಯ. ಸನ್‌ಬೋರ್ಡ್ ಅಥವಾ ದಪ್ಪ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಅಕ್ಷರ ಬರೆದುಕೊಂಡು, ಅದರ ಗೆರೆ ಹಿಡಿದು ಎಲ್ಇಡಿ ಪಟ್ಟಿ ಅಂಟಿಸಿ, ಮೇಲೆ ಬಟರ್ ಪೇಪರ್ ಹೊದಿಸಿ, ಹಿಂದೆ ಬ್ಯಾಟರಿ ಕಟ್ಟಿದರೆ ಆಯಿತು. ಬರೆಯಲು ಕೂತ ಮೇಲೆ ಮಾತ್ರ ಒಂದೇ ಒಂದು ಕ್ರಿಯಾಪದ ನನ್ನನ್ನು ಮುಂದಕ್ಕೆ ಬಿಡುತ್ತಿಲ್ಲ. ಅದಕ್ಕೇ ಈ ಪತ್ರ.

ಕರಡಿನಲ್ಲಿ ಸಹಜವಾಗಿ ಬಂದ ಸಾಲು ಇದು: ‘ಸ್ವಿಚ್ ಒತ್ತಿದಾಗ ಬೋರ್ಡು ಉರಿಯುತ್ತದೆ.’ ನಾವೆಲ್ಲ ಆಡುವುದೂ ಹೀಗೇ. ‘ಬಲ್ಬು ಉರೀತಿಲ್ಲ’, ‘ಹಗಲಲ್ಲೂ ಲೈಟು ಉರೀತಿದೆ’ ಎನ್ನುತ್ತೇವೆ. ‘ಬೀದಿದೀಪಗಳು ಉರಿಯುತ್ತಿಲ್ಲ’ ಎಂದು ಪತ್ರಿಕೆಗಳೂ ಬರೆಯುತ್ತವೆ. ಎಣ್ಣೆದೀಪದ ಕಾಲದ ಕ್ರಿಯಾಪದ ವಿದ್ಯುತ್ತಿಗೂ ದಾಟಿಬಂದಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಲ್ಲಿ ಉರಿಯುತ್ತಿದೆ ಎನ್ನುವುದು ಬಲ್ಬನ್ನಲ್ಲ, ಬೋರ್ಡನ್ನು. ಬಲ್ಬು ಉರಿಯಿತು ಎಂದರೆ ಬೆಳಕು ಬಂತು. ರಟ್ಟು ಉರಿಯಿತು ಎಂದರೆ ಬೆಂಕಿ ಬಿತ್ತು!

ಇದನ್ನು ಪದದ ಚಪಲಕ್ಕೆ ಎತ್ತುತ್ತಿಲ್ಲ. ಇದೇ ಕೈಪಿಡಿಯಲ್ಲಿ ಎರಡು ಪುಟ ಆಚೆಗೆ ಎಚ್ಚರಿಕೆಯ ಭಾಗವಿದೆ. ಹಳೆಯ ಮೊಬೈಲಿನಿಂದ ಕಿತ್ತ ಲಿಥಿಯಂ ಬ್ಯಾಟರಿಯನ್ನು ಮಕ್ಕಳು ಇಂಥ ಕೆಲಸಕ್ಕೆ ತರುತ್ತಾರೆ. ಅದರ ಎರಡು ತುದಿಗೂ ಬೆಸೆದ ಬರಿ ತಂತಿಗಳು ಒಂದಕ್ಕೊಂದು ತಾಗಿದರೆ ವಿಪರೀತ ಬಿಸಿಯಾಗಿ ಬೆಂಕಿಯೇ ಏಳಬಹುದು. ಪಕ್ಕದಲ್ಲಿರುವುದು ರಟ್ಟು, ಬಟರ್ ಪೇಪರ್, ಎಷ್ಟೋ ಸಲ ಥರ್ಮೋಕೋಲ್. ಎಲ್ಲವೂ ಬೇಗ ಬೆಂಕಿ ಹಿಡಿಯುವಂಥವು. ಅಲ್ಲಿ ನಾನು ‘ಬೋರ್ಡು ಉರಿಯುವ ಅಪಾಯವಿದೆ’ ಎಂದು ಬರೆಯಲೇಬೇಕು. ಮೊದಲ ಪುಟದಲ್ಲಿ ‘ಬೋರ್ಡು ಉರಿದರೆ ನೀವು ಗೆದ್ದಿರಿ’ ಎಂದವನು ಮೂರನೆಯ ಪುಟದಲ್ಲಿ ‘ಬೋರ್ಡು ಉರಿದರೆ ದೂರ ಓಡಿ’ ಎಂದು ಹೇಗೆ ಬರೆಯಲಿ? ಹನ್ನೆರಡು ಹದಿಮೂರರ ಹುಡುಗಿಯೊಬ್ಬಳು ಒಬ್ಬಳೇ ಕೂತು ಇದನ್ನು ಓದಿ ಕೆಲಸ ಮಾಡುತ್ತಾಳೆ ಎಂದು ಎಣಿಸಿಕೊಂಡೇ ನಾನು ಬರೆಯುತ್ತಿರುವುದು. ಅವಳಿಗೆ ಎರಡು ಅರ್ಥಕ್ಕೆ ಎರಡು ಮಾತು ಕೊಡುವುದು ನನ್ನ ಹೊಣೆ.

ಹಾಗಾದರೆ ‘ಬೆಳಗು’? ಅರ್ಥ ಸರಿ, ಅಂದವೂ ಇದೆ. ‘ಸ್ವಿಚ್ ಒತ್ತಿದಾಗ ಬೋರ್ಡು ಬೆಳಗುತ್ತದೆ’ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ. ತೊಡಕು ಬರುವುದು ನಿಷೇಧದಲ್ಲಿ, ಅಂದರೆ ‘ಇಲ್ಲ’ ಎನ್ನುವ ರೂಪದಲ್ಲಿ. ಕೈಪಿಡಿಯಲ್ಲಿ ಅತಿ ಹೆಚ್ಚು ಓದಿಸಿಕೊಳ್ಳುವ ಭಾಗವೆಂದರೆ ‘ಆಗದಿದ್ದರೆ ಏನು ಮಾಡಬೇಕು’ ಎನ್ನುವುದು. ‘ಎಲ್ಇಡಿ ಬೆಳಗದಿದ್ದರೆ ಅದರ ಕಾಲುಗಳನ್ನು (ಎರಡು ತಂತಿಗಳನ್ನು) ಅದಲುಬದಲು ಮಾಡಿ’ ಎಂದು ಬರೆಯಬಹುದು, ಆದರೆ ಯಾವ ಮಗುವೂ ‘ಸರ್, ನಂದು ಬೆಳಗ್ತಿಲ್ಲ’ ಎನ್ನುವುದಿಲ್ಲ. ಕೇಳಿದರೆ ಹಬ್ಬದ ಭಾಷಣದ ಹಾಗಿರುತ್ತದೆ. ‘ಆರತಿ ಬೆಳಗು’, ‘ದೀಪ ಬೆಳಗು’ ಎಂಬ ಬಳಕೆಗಳಿಂದಾಗಿ ಆ ಪದಕ್ಕೆ ಒಂದು ಮಂಗಳದ ಬಣ್ಣ ಬಂದಿದೆ; ಇನ್ನು ಪಾತ್ರೆ ತಿಕ್ಕುವುದನ್ನು ‘ಬೆಳಗುವುದು’ ಎನ್ನುವ ಕಡೆ ‘ಬೋರ್ಡು ಬೆಳಗಿ’ ಎಂದು ಬರೆದರೆ ಒರೆಸಿ ಹೊಳಪು ಮಾಡಿ ಎಂದೇ ಆದೀತು.

‘ಹಾಕು’ ಪದವನ್ನೂ ಇಟ್ಟು ನೋಡಿದೆ. ಮೈಸೂರು ಕಡೆಯ ‘ಲೈಟ್ ಹಾಕು’ ಎಲ್ಲರಿಗೂ ಗೊತ್ತು. ಆದರೆ ‘ಬೋರ್ಡು ಹಾಕಿ’ ಎಂದರೆ ಗೋಡೆಗೆ ನೇತುಹಾಕಿ ಎಂದಾಗಿಬಿಡುತ್ತದೆ.

ನನಗೆ ಭರವಸೆ ಹುಟ್ಟಿಸಿರುವುದು ಧಾರವಾಡದ ಕಡೆಯ ‘ಹಚ್ಚು–ಹತ್ತು’ ಜೋಡಿ. ನಾವು ‘ಲೈಟ್ ಹಚ್ಚಿ’ದರೆ ‘ಲೈಟ್ ಹತ್ತುತ್ತದೆ’. ಮಾಡುವವರಿಗೊಂದು ರೂಪ, ತಾನಾಗಿ ಆಗುವುದಕ್ಕೊಂದು ರೂಪ, ಚೊಕ್ಕವಾಗಿದೆ. ‘ಎಲ್ಇಡಿ ಹತ್ತದಿದ್ದರೆ’ ಎಂಬುದು ನಾಲಿಗೆಗೂ ಹಗುರ. ದಕ್ಷಿಣದವರ ತಕರಾರು ನನಗೆ ಮೊದಲೇ ಕೇಳಿಸುತ್ತಿದೆ: ‘ಹತ್ತಿಕೊಂಡಿತು ಅಂದರೆ ಬೆಂಕಿಯಲ್ಲವೇ?’ ಹೌದು, ಆದರೆ ಅಲ್ಲಿ ಬೆಂಕಿಯ ಅರ್ಥವನ್ನು ಹೊತ್ತು ತಂದಿರುವುದು ‘ಕೊಳ್ಳು’ ಎಂದು ನನಗನಿಸುತ್ತದೆ. ‘ದೀಪ ಹೊತ್ತಿತು’ ಎಂದರೆ ನಾವು ಬಯಸಿದ್ದು. ‘ಹುಲ್ಲಿನ ಬಣವೆ ಹೊತ್ತಿಕೊಂಡಿತು’ ಎಂದರೆ ಯಾರೂ ಬಯಸದೆ ಆದದ್ದು. ‘ಹತ್ತಿತು’, ‘ಹತ್ತಿಕೊಂಡಿತು’ ನಡುವೆಯೂ ಇದೇ ಅಂತರವಿದೆ. ಹೀಗಿದ್ದರೆ ನನಗೆ ಬೇಕಾದ ಎರಡು ಮಾತು ಆಗಲೇ ಇವೆ: ಬೆಳಕಿಗೆ ‘ಹತ್ತು’, ಬೆಂಕಿಗೆ ‘ಹೊತ್ತಿಕೊಳ್ಳು’ ಅಥವಾ ನೇರವಾಗಿ ‘ಬೆಂಕಿ ಹಿಡಿ’. ‘ಉರಿ’ಯನ್ನು ಇಡೀ ಕೈಪಿಡಿಯಿಂದ ಹೊರಗಿಡುತ್ತೇನೆ. ಮಂಡ್ಯ, ಚಾಮರಾಜನಗರ, ಕರಾವಳಿಯ ಮಕ್ಕಳ ಕಿವಿಗೆ ಬರಿಯ ‘ಹತ್ತು’ ಹೇಗೆ ಕೇಳಿಸುತ್ತದೆ ಎಂಬುದು ನನ್ನ ಮೊದಲ ಪ್ರಶ್ನೆ.

ಇನ್ನು ವಸ್ತುವಿನ ಹೆಸರು. ‘ದೀಪಫಲಕ’, ‘ಬೆಳಕಿನ ಹಲಗೆ’ ಎರಡನ್ನೂ ಗೆಳೆಯರು ಸೂಚಿಸಿದ್ದಾರೆ. ಫಲಕ, ಹಲಗೆ ಎರಡೂ ಒಂದೇ ಬೇರಿನವು. ಸಂಸ್ಕೃತದ ಫಲಕವೇ ಹಳಗನ್ನಡದಲ್ಲಿ ಪಲಗೆಯಾಗಿ, ಪಕಾರ ಹಕಾರವಾದ ಮೇಲೆ ಹಲಗೆಯಾದದ್ದು. ಕಪ್ಪುಹಲಗೆ ನಮ್ಮ ಶಾಲೆಗಳಲ್ಲಿ ನೆಲೆ ನಿಂತ ಪದ, ಹಾಗಾಗಿ ಹಲಗೆಯತ್ತ ನನ್ನ ಒಲವಿತ್ತು. ಆದರೆ ಉತ್ತರ ಕರ್ನಾಟಕದಲ್ಲಿ ‘ಹಲಗಿ’ ಎಂದರೆ ಹೋಳಿಯಲ್ಲಿ ಬಾರಿಸುವ ಚರ್ಮವಾದ್ಯ. ಮ್ಯಾಚಿಗೆ ಹಲಗೆ ತನ್ನಿ ಎಂದು ಬರೆದರೆ ಅಲ್ಲಿಯ ಹುಡುಗರು ವಾದ್ಯವನ್ನೇ ತಂದಾರು, ಅದೂ ಅಭಿಮಾನಿಗಳ ಕೈಯಲ್ಲಿ ಇರಬಹುದಾದ ವಸ್ತುವೇ! ಹಾಗಾಗಿ ‘ಬೆಳಕಿನ ಬೋರ್ಡು’ ಎಂದು ಸದ್ಯಕ್ಕೆ ಇಟ್ಟಿದ್ದೇನೆ. ಬೋರ್ಡು ಕನ್ನಡದ್ದೇ ಆಗಿಹೋಗಿದೆ. ‘ಬೆಳಕಿನ’ ಎನ್ನುವುದಕ್ಕೆ ಧೈರ್ಯ ಕೊಟ್ಟದ್ದು ಕ್ರೀಡಾಪುಟದ ‘ಹೊನಲು ಬೆಳಕು’. ಊರೂರಿನ ಕಬಡ್ಡಿ, ವಾಲಿಬಾಲ್ ಪೋಸ್ಟರುಗಳಲ್ಲಿ ‘ಹೊನಲು ಬೆಳಕಿನ ಪಂದ್ಯಾವಳಿ’ ಎಂದು ಯಾವ ಸಂಕೋಚವೂ ಇಲ್ಲದೆ ಅಚ್ಚಾಗುತ್ತದೆ. ಹೊನಲು ಎಂಬ ಹಳೆಯ ಪದವನ್ನು ಮಾತಿನಲ್ಲಿ ಎಂದೂ ಬಳಸದವರಿಗೂ ಅದು ಅರ್ಥವಾಗುತ್ತದೆ. ಆಟದ ಲೋಕದಲ್ಲಿ ಇಷ್ಟು ಚೆನ್ನಾಗಿ ಬೇರು ಬಿಟ್ಟ ಕನ್ನಡ ಪದ ಇನ್ನೊಂದಿದೆಯೇ, ನೆನಪಾದವರು ತಿಳಿಸಿ.

ಬಿಡಿಭಾಗಗಳ ಹೆಸರಿನ ಬಗ್ಗೆ ಹೆಚ್ಚು ಚರ್ಚೆ ಬೇಡವೆನಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ‘ರೋಧಕ ಕೊಡಿ’ ಎಂದು ಮಗು ಕೇಳಿ ತಬ್ಬಿಬ್ಬಾಗುವುದು ಬೇಡ. ರೆಸಿಸ್ಟರ್ ಎಂದೇ ಇರಲಿ. ಕಾಲು ಮತ್ತು ಬೆಸುಗೆ ಮಾತ್ರ ಕನ್ನಡದಲ್ಲೇ ಚೆಂದ. ಬಿಡಿ ಎಲ್ಇಡಿಯ ಉದ್ದ ಕಾಲು ಪ್ಲಸ್ಸಿಗೆ, ಗಿಡ್ಡ ಕಾಲು ಮೈನಸ್ಸಿಗೆ. ಕೆಂಪು ಎಲ್ಇಡಿಗೆ ಸುಮಾರು 2 ವೋಲ್ಟ್ ಸಾಕು. 5 ವೋಲ್ಟಿನ ಪವರ್ ಬ್ಯಾಂಕಿನಿಂದ ಕೊಡುವಾಗ ಮಿಕ್ಕ 3 ವೋಲ್ಟನ್ನು ತಡೆಯಲು, 20 ಮಿಲಿ ಆಂಪಿಯರಿನ ಲೆಕ್ಕಕ್ಕೆ, 150 ಓಮಿನ ರೆಸಿಸ್ಟರ್ ಬೇಕು. ನೀಲಿ, ಬಿಳಿಗೆ 3 ವೋಲ್ಟಿನ ಆಸುಪಾಸು ಬೇಕಾಗುವುದರಿಂದ ಅವಕ್ಕೆ ಲೆಕ್ಕ ಬೇರೆ.

ಮಿನುಗು, ಮಿಂಚು, ಮಿಣುಕು ಇವುಗಳಲ್ಲಿ ಯಾವುದು ಎಂಬ ಸಣ್ಣ ಪ್ರಶ್ನೆಯೂ ಇದೆ. ಆರಿ ಆರಿ ಹತ್ತುವ ಲೈಟಿಗೆ ನಾನು ‘ಮಿಣುಕು’ ಆರಿಸಿದ್ದೇನೆ; ಮಿಣುಕುಹುಳ ಮಾಡುವುದೂ ಅದನ್ನೇ. ಮಿನುಗುವುದರಲ್ಲಿ ನಕ್ಷತ್ರದ ನಡುಕವಿದೆ, ಪೂರಾ ಆರುವುದಿಲ್ಲ. ಮಿಂಚುವುದು ಒಮ್ಮೆಗೇ ಮುಗಿಯುತ್ತದೆ.

ಕೊನೆಯದಾಗಿ, ಬೋರ್ಡಿನ ಮೇಲೆ ಬರೆಯುವ ಮಾತಿನ ಕಾಗುಣಿತ. ಮಕ್ಕಳೆಲ್ಲರಿಗೂ ಬೇಕಾದದ್ದು ಆರ್‌ಸಿಬಿಯ ‘ಈ ಸಲ ಕಪ್ ನಮ್ದೇ’. ನಮ್ದೆ, ನಮದೇ, ನಮ್ದೇ ಮೂರನ್ನೂ ಬೋರ್ಡುಗಳಲ್ಲಿ ನೋಡುತ್ತೇವೆ. ಆ ಮಾತಿನ ಜೀವವಿರುವುದು ಕೊನೆಯ ಏಕಾರದಲ್ಲಿ. ಅದು ಅವಧಾರಣೆ: ಬೇರೆ ಯಾರದ್ದೂ ಅಲ್ಲ, ನಮ್ಮದೇ. ಅಭಿಮಾನಿಗಳು ವರ್ಷಗಟ್ಟಲೆ ಹಟದಿಂದ ಹಿಡಿದುಕೊಂಡದ್ದು ಆ ದೀರ್ಘವನ್ನು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಮಹಿಳಾ ತಂಡ ಡಬ್ಲ್ಯುಪಿಎಲ್ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ ‘ಈ ಸಲ ಕಪ್ ನಮ್ದು’ ಎಂದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪುರುಷರ ತಂಡ ಪಂಜಾಬನ್ನು 6 ರನ್ನುಗಳಿಂದ ಮಣಿಸಿದ ರಾತ್ರಿಯೂ ಎಲ್ಲೆಡೆ ‘ನಮ್ದು’ ಹಬ್ಬಿತು. ಕಪ್ ಕೈಗೆ ಬಂದ ಮೇಲೆ ಒತ್ತಿ ಹೇಳುವ ಅಗತ್ಯವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು. ಒಂದು ಸ್ವರದ ಬದಲಾವಣೆಯಲ್ಲಿ ಇಷ್ಟು ದೊಡ್ಡ ಸಂಗತಿಯನ್ನು ಲಕ್ಷಾಂತರ ಜನ ತಾವಾಗಿಯೇ ಹಿಡಿದದ್ದು ನನಗೆ ಬಹಳ ಸಂತೋಷ ಕೊಟ್ಟಿದೆ.

ಇದನ್ನು ಲೈಟಿನಲ್ಲಿ ಮೂಡಿಸುವುದು ಅಷ್ಟು ಸುಲಭವಲ್ಲ. 12 ವೋಲ್ಟಿನ, ಮೀಟರಿಗೆ 60 ಎಲ್ಇಡಿ ಇರುವ ಸಾಮಾನ್ಯ ಪಟ್ಟಿಯನ್ನು ಪ್ರತಿ 3 ಎಲ್ಇಡಿಗೊಮ್ಮೆ, ಅಂದರೆ 5 ಸೆಂಟಿಮೀಟರಿಗೊಮ್ಮೆ ಇರುವ ಗುರುತಿನಲ್ಲಿ ಮಾತ್ರ ಕತ್ತರಿಸಬಹುದು. ದುಂಡಗಿನ ನಮ್ಮ ಅಕ್ಷರದ ಸಣ್ಣ ತಿರುವುಗಳಿಗೆ ಅದು ಬಾಗುವುದಿಲ್ಲ. ಅದಕ್ಕೇ ದೊಡ್ಡ ಗೆರೆಗಳಿಗೆ ಪಟ್ಟಿ, ಒತ್ತಿಗೂ ದೀರ್ಘಕ್ಕೂ ಬಿಡಿ ಎಲ್ಇಡಿ ಎಂದು ಬರೆದಿದ್ದೇನೆ. ಬಿಡಿಯವು ಬೇರೆ ವೋಲ್ಟೇಜಿನವಾದ್ದರಿಂದ ಅವಕ್ಕೆ ಬ್ಯಾಟರಿಯೂ ಬೇರೆ. ಇನ್ನೊಂದು ಗಮನಿಸಬೇಕಾದ ಸಂಗತಿ: ‘ದೇ’ ಎಂದು ಓದಿದರೂ ಏತ್ವ ಕೂರುವುದು ಮಕಾರದ ಮೇಲೆ, ದಕಾರ ಕೆಳಗೆ ಒತ್ತಾಗಿ ಇಳಿದಿರುತ್ತದೆ. ಏತ್ವ, ದೀರ್ಘ, ತಲೆಕಟ್ಟು, ಕೊಂಬು ಇವುಗಳ ಗೆರೆಗಳಿಗೆ ಬೇರೆ ಬೇರೆ ಸ್ವಿಚ್ ಇಟ್ಟರೆ ಅದೇ ಬೋರ್ಡಿನಲ್ಲಿ ಫೈನಲ್ ಮುಗಿಯುವವರೆಗೆ ‘ನಮ್ದೇ’, ಗೆದ್ದೊಡನೆ ‘ನಮ್ದು’ ತೋರಿಸಬಹುದು. ಇದನ್ನು ವಿವರಿಸುವಾಗ ತಲೆಕಟ್ಟು, ಏತ್ವ, ಕೊಂಬು, ದೀರ್ಘ, ಒತ್ತು ಎಂಬ ಪದಗಳು ತಂತಿಯ ಹೆಸರುಗಳಾಗಿಯೇ ಕೆಲಸಕ್ಕೆ ಬರುತ್ತವೆ: ‘ಏತ್ವದ ತಂತಿ’, ‘ಕೊಂಬಿನ ತಂತಿ’. ಈ ಹೆಸರುಗಳು ನಿಮ್ಮ ಊರಿನ ಶಾಲೆಯಲ್ಲಿ ಈಗಲೂ ಹೇಳಿಕೊಡುವಂಥವೇ, ಅಥವಾ ಬೇರೆ ಹೆಸರಿವೆಯೇ? ಏತ್ವವನ್ನು ‘ಗುಡಿ ದೀರ್ಘ’ದ ಜೊತೆ ಕಲಸಿಬಿಡುವ ಮಕ್ಕಳಿದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ.

ಮೈದಾನದ ಬಾಗಿಲಲ್ಲಿ ಪವರ್ ಬ್ಯಾಂಕಿಗೆ ತಡೆಯಿರುವುದುಂಟು. ಹಾಗಾಗಿ ಊರಿನ ದೊಡ್ಡ ಪರದೆಯ ಮುಂದೆ, ಓಣಿಯ ಟೂರ್ನಿಯಲ್ಲಿ ಹಿಡಿಯುವ ಬೋರ್ಡನ್ನೇ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ತಿದ್ದಿದ ಮೊದಲ ಸಾಲುಗಳು ಹೀಗಿವೆ: ‘ಸ್ವಿಚ್ ಒತ್ತಿ. ಅಕ್ಷರಗಳು ಹತ್ತುತ್ತವೆ. ಯಾವುದಾದರೂ ಗೆರೆ ಹತ್ತದಿದ್ದರೆ ಸ್ವಿಚ್ ಆರಿಸಿ, ಆ ಗೆರೆಯ ಬೆಸುಗೆ ನೋಡಿ. ಬ್ಯಾಟರಿ ಬಿಸಿಯಾದರೆ ತಂತಿ ಕಿತ್ತುಬಿಡಿ. ರಟ್ಟಿಗೆ ಬೆಂಕಿ ಹಿಡಿಯಬಹುದು.’ ‘ಸ್ವಿಚ್ ಆರಿಸಿ’ ಎಂಬಲ್ಲಿ ಮಾತ್ರ ಇನ್ನೂ ತೃಪ್ತಿಯಿಲ್ಲ. ಆರುವುದು ಲೈಟು, ಸ್ವಿಚ್ ಅಲ್ಲವಲ್ಲ. ‘ಬಂದ್ ಮಾಡಿ’ ಎಂದರೆ ಎಲ್ಲ ಜಿಲ್ಲೆಗೂ ಒಪ್ಪಿಗೆಯೇ?