ಓಣಿಯ ಬೋರ್ ಮೋಟರ್ ಎತ್ತುತ್ತಿದ್ದಾರೆ, ರಿಪೇರಿ ಆದ ಕೂಡಲೇ ನೀರು ಕುಡಿಯಬಹುದಾ?

ಪ್ರಶ್ನೆ (ಚಿತ್ರದುರ್ಗ): ಸರ್, ನಲ್ಲಿಯಲ್ಲಿ ಶಾಂತಿಸಾಗರ ಕೆರೆಯ ನೀರು ಬಾರದ ದಿನ ನಮ್ಮ ಓಣಿಗೆಲ್ಲ ಒಂದೇ ಬೋರ್ ಆಸರೆ. ನಿನ್ನೆಯಿಂದ ಸ್ಟಾರ್ಟರ್ ಒತ್ತಿದ ಕೂಡಲೇ ಟ್ರಿಪ್ ಆಗುತ್ತಿದೆ. ಮೋಟರ್ 550 ಅಡಿಯಲ್ಲಿದೆ. ಸುಟ್ಟಿದೆ, ಎತ್ತಬೇಕು ಅಂತಾರೆ ಮೆಕ್ಯಾನಿಕ್. ಹೊಸ ಬೋರೇ ಕೊರೆಸೋಣ ಅಂತಾರೆ ಕೆಲವರು. ರಿಪೇರಿ ಆದ ದಿನವೇ ನೀರು ಕುಡಿಯಬಹುದಾ?

ಉತ್ತರ (ನೀರು ಸರಬರಾಜು ಎಂಜಿನಿಯರ್): ಕುಡಿಯಬೇಡಿ ಮೇಡಂ, ಒಂದು ರಾತ್ರಿ ತಡೆಯಿರಿ. ಅಲ್ಲಿಯವರೆಗೆ ಕುಡಿಯೋಕೆ ಟ್ಯಾಂಕರ್ ತರಿಸಿ.

ಎತ್ತುವ ಮೊದಲು ಪ್ಯಾನೆಲ್ ನೋಡಿಸಿ. ಮೂರೂ ಫೇಸ್ ಸರಿಯಾಗಿ ಬರುತ್ತಿವೆಯಾ? ಒಂದು ಫೇಸ್ ಹೋದರೂ ಸ್ಟಾರ್ಟರ್ ಟ್ರಿಪ್ ಆಗುತ್ತದೆ. ಆಮೇಲೆ ಪ್ಯಾನೆಲ್‌ನಿಂದ ಕೇಬಲ್ ಬಿಚ್ಚಿ ಮೆಗ್ಗರ್ (ಇನ್ಸುಲೇಷನ್ ಗಟ್ಟಿಯಿದೆಯಾ ಅಂತ ಅಳೆಯುವ ಮೀಟರ್) ಹಾಕಲು ಹೇಳಿ. ರೀಡಿಂಗ್ ಸೊನ್ನೆ ಹತ್ತಿರ ಬಂದರೆ ವೈಂಡಿಂಗ್ (ಮೋಟರ್ ಒಳಗಿನ ತಂತಿ ಸುರುಳಿ) ಹೋಗಿದೆ, ಇಲ್ಲವೇ ಕೇಬಲ್ ಜಾಯಿಂಟ್‌ಗೆ ನೀರು ನುಗ್ಗಿದೆ. ಎರಡಕ್ಕೂ ಎತ್ತಲೇಬೇಕು. ಆದರೆ ಜಾಯಿಂಟ್ ಮಾತ್ರ ಹೋಗಿದ್ದರೆ ಮೋಟರ್ ರೀವೈಂಡ್ ಮಾಡಿಸುವ ಖರ್ಚು ಉಳಿಯುತ್ತದೆ.

550 ಅಡಿ ಅಂದರೆ 20 ಅಡಿಯ ಪೈಪ್ 27–28 ಇರುತ್ತವೆ. ಕ್ಲಾಂಪ್ ಜಾರಿ ಪೈಪ್ ಒಳಗೆ ಬಿದ್ದರೆ ಬೋರೇ ಕೈಬಿಟ್ಟು ಹೋಗಬಹುದು, ಹಾಗಾಗಿ ಅವಸರ ಮಾಡಿಸಬೇಡಿ. ಮೇಲೆ ಬಂದ ಪೈಪನ್ನು ಮಣ್ಣಿನ ಮೇಲೆ ಎಸೆಯದೆ ಮರದ ತುಂಡುಗಳ ಮೇಲಿಡಿಸಿ. ಮೋಟರ್ ಹೊರಗಿರುವಷ್ಟು ಹೊತ್ತೂ ಕೇಸಿಂಗ್ (ಬೋರ್‌ನ ಮೇಲ್ಭಾಗದ ಹೊರ ಪೈಪ್) ಬಾಯಿಗೆ ಗಟ್ಟಿ ಮುಚ್ಚಳ ಹಾಕಿಸಿ. ಸುಮ್ನೆ ಗೋಣಿಚೀಲ ಹೊದಿಸಿದರೆ ಸಾಲದು, ಓಣಿಯಲ್ಲಿ ಮಕ್ಕಳಿದ್ದಾರೆ ಅಲ್ವಾ.

ಪೈಪ್, ಕೇಬಲ್, ಕೈ ಎಲ್ಲದರ ಕೊಳೆಯೂ ಬೋರ್‌ಗೆ ಇಳಿದಿರುತ್ತದೆ. ಅದಕ್ಕೇ ಬ್ಲೀಚಿಂಗ್ ಪೌಡರ್. ಆರೂವರೆ ಇಂಚಿನ ಬೋರ್‌ನಲ್ಲಿ ಅಡಿಗೆ ಸುಮಾರು ಆರೂವರೆ ಲೀಟರ್ ನೀರು ನಿಲ್ಲುತ್ತದೆ. 500 ಅಡಿ ನೀರಿದ್ದರೆ 3,250 ಲೀಟರ್. ಇದಕ್ಕೆ ಒಳ್ಳೆಯ ಪೌಡರ್ ಅರ್ಧ ಕೆಜಿ ಸಾಕು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಒಳಗೆ ಸುರಿಯಿರಿ. ಮೋಟರ್ ಓಡಿಸಿ, ಬಂದ ನೀರನ್ನು ಪೈಪಿನಿಂದ ಮತ್ತೆ ಬೋರ್‌ಗೇ ಬಿಡಿ. ಆ ನೀರು ಘಾಟು ಹೊಡೆಯಲು ಶುರುವಾದಾಗ ನಿಲ್ಲಿಸಿ, ರಾತ್ರಿಯೆಲ್ಲ ಹಾಗೇ ಬಿಡಿ. ಬೆಳಿಗ್ಗೆ ವಾಸನೆ ಹೋಗುವವರೆಗೂ ಚರಂಡಿಗೆ ಹೊಡೆಸಿ. ಟ್ಯಾಂಕ್‌ಗೆ ಏರಿಸುವುದು ಆಮೇಲೆ.

ಪ್ರಶ್ನೆ (ದಾವಣಗೆರೆ): ಅಷ್ಟೆಲ್ಲ ಯಾಕೆ ಸರ್, ಕುದಿಸಿ ಕುಡಿದರೆ ಆಗಲ್ವಾ?

ಉತ್ತರ: ಕ್ರಿಮಿ ಸಾಯುತ್ತವೆ, ನಿಜ. ಆದರೆ ಎಲ್ಲ ಮನೆಯಲ್ಲೂ ಕುದಿಸುತ್ತಾರೆ ಅಂತ ನಂಬಿ ಕೂರೋಕಾಗಲ್ಲ. ಇನ್ನೊಂದು, ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪೌಡರಿಗೂ ಅದು ಜಗ್ಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಸ್ನಾನಕ್ಕೆ, ಪಾತ್ರೆಗೆ ಸರಿ, ಕುಡಿಯೋಕೆ ಬೇಡ. ಹಾಗಾಗಿ ಈ ರಿಪೇರಿ ನೆಪದಲ್ಲೇ ಒಂದು ಬಾಟಲಿ ನೀರು ಲ್ಯಾಬಿಗೆ ಕಳಿಸಿ.

ಪ್ರಶ್ನೆ (ಚಿತ್ರದುರ್ಗ): ಹೊಸ ಬೋರ್ ಬಗ್ಗೆ ಹೇಳಲಿಲ್ಲ ಸರ್.

ಉತ್ತರ: ನೀರಿದ್ದು ಮೋಟರ್ ಕೆಟ್ಟಿದ್ದರೆ ಹೊಸ ಬೋರ್ ದುಂದು. ನಮ್ಮ ಕಡೆ ಕೆಳಗೆಲ್ಲ ಬಂಡೆ. ನೀರು ಸಿಗುವುದು ಬಿರುಕಿನಲ್ಲಿ ಮಾತ್ರ, ಹತ್ತು ಅಡಿ ಪಕ್ಕಕ್ಕೆ ಕೊರೆದರೂ ಬರೀ ಧೂಳು ಏಳಬಹುದು. ಮೋಟರ್ ಎತ್ತಿದಾಗ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೀರು ಎಷ್ಟು ಅಡಿಗಿದೆ ಅಂತ ಅಳೆಸಿ ಇಲ್ಲಿ ಹಾಕಿ. ಮುಂದಿನದು ಹೇಳುತ್ತೇನೆ.