ಸಹಾಯ ಬೇಕು: ಮೈಸೂರು ಅರಮನೆ ಹತ್ತಿರ ವೀಲ್‌ಚೇರ್ ಇಳಿಸಲು ಜಾಗ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಭಾನುವಾರ ಅಮ್ಮ, ಮಕ್ಕಳ ಜೊತೆ ಮೈಸೂರಿಗೆ ಬರುತ್ತಿದ್ದೇವೆ. ಬೆಳಗ್ಗೆ ಮೃಗಾಲಯ, ಸಂಜೆ ಅರಮನೆ ದೀಪಾಲಂಕಾರ. ಆ ದೀಪಗಳನ್ನು ನೋಡಬೇಕು ಅಂತ ಅಮ್ಮನಿಗೆ ತುಂಬಾ ಆಸೆ. ಅವರು ವೀಲ್‌ಚೇರ್‌ನಲ್ಲಿರುತ್ತಾರೆ. ಕಾರಿನ ಬಾಗಿಲು ಪೂರ್ತಿ ತೆಗೆದು, ಪಕ್ಕಕ್ಕೆ ಕುರ್ಚಿ ನಿಲ್ಲಿಸಿ, ಬ್ರೇಕ್ ಹಾಕಿದ ಮೇಲೇ ಅವರನ್ನು ಇಳಿಸಲು ಆಗುವುದು. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ವೀಲ್‌ಚೇರ್ ಬಳಸುವವರ ಪಾರ್ಕಿಂಗ್ ಜಾಗ 3.6 ಮೀಟರ್ ಅಗಲ ಇರಬೇಕು. ಹಳೇ ಊರಲ್ಲಿ ಅಷ್ಟು ಸಿಗುವುದು ಕಷ್ಟ ಅಲ್ವಾ?

ಅರಮನೆಗೆ ಜನ ಒಳಗೆ ಹೋಗುವ ವರಾಹ ದ್ವಾರದ ಹತ್ತಿರ ಕಾರನ್ನು ಎಲ್ಲಿಯವರೆಗೆ ಬಿಡುತ್ತಾರೆ? ಅಲ್ಲಿಂದ ಒಳಗೆ ನೆಲ ಹೇಗಿದೆ? ಜಲ್ಲಿ ಜಾಸ್ತಿ ಇದ್ದರೆ ಮುಂದಿನ ಪುಟ್ಟ ಚಕ್ರ ಹೂತುಕೊಳ್ಳುತ್ತದೆ. ವೀಲ್‌ಚೇರ್ ಒಳಗೆ ಹೋಗುವಂಥ ಶೌಚಾಲಯ ಹತ್ತಿರದಲ್ಲಿದೆಯಾ? ಸಂಜೆ ನೂಕುನುಗ್ಗಲಿಗೆ ಮೊದಲು ಎಷ್ಟು ಗಂಟೆಗೆ ಬಂದರೆ ಒಳ್ಳೆಯದು? ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ತಿಳಿಸಿ. ಫೋಟೋ ಇದ್ದರೆ ಇನ್ನೂ ಅನುಕೂಲ.